ಬಾಗಿದ ಬೆನ್ನನ್ನು ಬರೆಯುವ ಬಗೆ

ಓದುಗರ ಪತ್ರದ ಸಾರ: ದುಡಿಯುವ ಮಹಿಳೆಯರ ಕುರಿತ ವಿಶೇಷ ಸಂಚಿಕೆಯ ಮುಖಪುಟಕ್ಕೆ ಫ್ರಾನ್ಸಿನ ಮಿಲೆಯ ‘ತೆನೆ ಆಯುವವರು’ ಚಿತ್ರ ಹಾಕಿದ್ದೀರಿ. ಕೊಯ್ಲಾದ ಹೊಲದಲ್ಲಿ ರಾಗಿ ತೆನೆ ಆಯ್ದವರು ನಮ್ಮ ಕಡೆಯೂ ಇದ್ದರು. ಹೊಟ್ಟೆಗಿಲ್ಲದೆ ಆಯ್ದರೇ ಹೊರತು ಚೆಂದಕ್ಕಲ್ಲ. ಸೊಂಟ ಬಗ್ಗಿಸಿದ ಬಡವರನ್ನು ಗೋಡೆಗೆ ತೂಗುಹಾಕಿ ‘ಶ್ರಮದ ಘನತೆ’ ಎನ್ನುವುದು ಸರಿಯೇ? ತಲೆಯೆತ್ತಿ ನಿಂತ ಹೆಂಗಸಿನ ಚಿತ್ರ ಸಿಗಲಿಲ್ಲವೇ? ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ‘ಕೆಲಸ ಮಾಡುವ ಮಹಿಳೆ’ಯನ್ನು ಬರೆಯಿರಿ ಎಂದರೆ ಮಕ್ಕಳು ಸೊಂಟದ ಮೇಲೆ ಕೊಡ ಹೊತ್ತು ನಗುವ ಹೆಂಗಸನ್ನೇ ಬರೆಯುತ್ತಾರೆ. ಗೌರವ ಯಾವುದು, ಅಲಂಕಾರ ಯಾವುದು ಎಂದು ಅವರಿಗೆ ಹೇಗೆ ತೋರಿಸಲಿ?
— ಚಿತ್ರಕಲಾ ಶಿಕ್ಷಕಿ, ಹಾಸನ ಜಿಲ್ಲೆ

ಮಾನ್ಯ ಶಿಕ್ಷಕಿಯವರಿಗೆ ನಮಸ್ಕಾರ.

ತೆನೆ ಆಯುವುದು ಹಸಿವಿನ ಕೆಲಸ ಎಂಬ ನಿಮ್ಮ ಮಾತಿಗೆ ಎದುರಾಡುವುದೇನೂ ಇಲ್ಲ. ಮಿಲೆಯ ಕಾಲದ ಫ್ರಾನ್ಸಿನಲ್ಲೂ ಅದು ಹಾಗೇ ಇತ್ತು. ಕೊಯ್ದ ಪೈರನ್ನು ಗಾಡಿಯಲ್ಲಿ ಸಾಗಿಸಿದ ಮೇಲೆ, ಹಗಲು ಬೆಳಕಿರುವಷ್ಟು ಹೊತ್ತು ಮಾತ್ರ, ಉಪಕರಣವಿಲ್ಲದೆ ಬರಿಗೈಯಲ್ಲಿ ಉದುರಿದ ತೆನೆ ಆಯಲು ಬಡವರಿಗೆ ಅವಕಾಶವಿತ್ತು. ಅದರ ಮೇಲೂ ಊರ ಕಾವಲುಗಾರನ ಕಣ್ಣು. ಅಂಥ ಮೂವರು ಹೆಂಗಸರನ್ನು ಮಿಲೆ 1857ರಲ್ಲಿ ಪ್ಯಾರಿಸ್ಸಿನ ‘ಸಲೋನ್’ ಎಂಬ ಕಲಾಪ್ರದರ್ಶನಕ್ಕೆ ತಂದಾಗ ಹಲವರು ಅದನ್ನು ಚೆಂದದ ಹಳ್ಳಿಚಿತ್ರವೆಂದು ನೋಡಲಿಲ್ಲ. 1848ರ ಕ್ರಾಂತಿ ಕಳೆದು ಒಂಬತ್ತೇ ವರ್ಷವಾಗಿತ್ತು. ಸಿರಿವಂತ ವಿಮರ್ಶಕರು ಬೆದರಿದರು. ಒಬ್ಬರಿಗಂತೂ ಆ ಹೆಂಗಸರ ಹಿಂದೆ ಫ್ರೆಂಚ್ ಮಹಾಕ್ರಾಂತಿಯ ಕಾಲದ, 1793ರ ವಧಾಸ್ಥಾನವೇ ಕಂಡಿತು. ಮಿಲೆಗೆ ಸಿಕ್ಕಿದ್ದು 3,000 ಫ್ರಾಂಕ್. ಕೇಳಿದ ಬೆಲೆಗಿಂತ ಕಡಿಮೆ. ಈಗ ಅದು ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ.

ಮುಖಪುಟವನ್ನು ಇನ್ನೊಮ್ಮೆ ಕೈಗೆತ್ತಿಕೊಳ್ಳಿ. ಮೂವರೂ ಒಂದೇ ಕೆಲಸದ ಮೂರು ಹಂತಗಳಲ್ಲಿದ್ದಾರೆ: ಬಾಗುವುದು, ಎತ್ತಿಕೊಳ್ಳುವುದು, ಅರ್ಧ ಮೇಲೇಳುವುದು. ಎಡಗಡೆಯವಳ ಒಂದು ಕೈ ನೆಲದತ್ತ ಚಾಚಿದೆ, ಇನ್ನೊಂದು ಬೆನ್ನ ಮೇಲಿದೆ, ಅದರ ಮುಷ್ಟಿಯಲ್ಲಿ ಅದುವರೆಗೆ ಆಯ್ದ ತೆನೆಗಳು. ಹೊಲದಲ್ಲಿ ಆಯ್ದವರಿಗೆ ಇದು ಕೂಡಲೇ ಗೊತ್ತಾಗುತ್ತದೆ. ಆಯ್ದದ್ದನ್ನು ಪ್ರತಿ ಸಲ ನೆಲಕ್ಕಿಟ್ಟರೆ ಕಾಳು ಉದುರುತ್ತದೆ. ಹಿಂದಕ್ಕೆ ಹಿಡಿದರೆ ಕಾಲಿಗೆ ತೊಡರುವುದಿಲ್ಲ, ಸೊಂಟಕ್ಕೂ ಕೊಂಚ ಆಸರೆ. ಬಾಗಿದ ಇಬ್ಬರೂ ದಿಗಂತದ ಗೆರೆಯ ಕೆಳಗೇ ಉಳಿದಿದ್ದಾರೆ. ಗೆರೆಯಾಚೆ ಭಾರಿ ಬಣವೆಗಳು, ತುಂಬಿದ ಗಾಡಿ, ಬಲತುದಿಯಲ್ಲಿ ಕುದುರೆ ಏರಿದ ಮೇಲ್ವಿಚಾರಕ. ಯಾರ ಪಾಲಿಗೆ ಎಷ್ಟು ಬಂತು ಎನ್ನುವುದನ್ನು ಮಿಲೆ ಅಳತೆಯಲ್ಲೇ ತೋರಿಸಿದ್ದಾನೆ. ನಾರ್ಮಂಡಿಯ ರೈತರ ಮನೆಯಲ್ಲಿ ಹುಟ್ಟಿದವನು, ಹೊಲದ ಕೆಲಸ ಬಲ್ಲವನು.

ತಲೆಯೆತ್ತಿ ನಿಂತವರ ಚಿತ್ರವೂ ಇದೆ. ಎರಡೇ ವರ್ಷದ ನಂತರ, 1859ರಲ್ಲಿ, ಜೂಲ್ ಬ್ರೆತೋ ಇದೇ ಕೆಲಸದ ಹೆಂಗಸರನ್ನು ಬರೆದ. ಹೊತ್ತು ಮುಳುಗಿದೆ, ಕಾವಲುಗಾರ ಸಾಕು ಬನ್ನಿ ಎಂದು ಕೂಗುತ್ತಿದ್ದಾನೆ, ತಲೆ ಮೇಲೆ, ಹೆಗಲ ಮೇಲೆ ಸಿವುಡು ಹೊತ್ತು ಬರಿಗಾಲಿನ ಹೆಂಗಸರು ನೆಟ್ಟಗೆ ನಡೆದು ಬರುತ್ತಿದ್ದಾರೆ. ಗಂಭೀರವಾದ, ಸುಂದರವಾದ ಚಿತ್ರ. ಅದನ್ನು ಆಗಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಅರಮನೆ ಕೊಂಡಿತು. ಇದನ್ನು ಸುಳ್ಳು ಚಿತ್ರವೆಂದು ನಾವು ಹೇಳುವುದಿಲ್ಲ. ಆದರೆ ಅದರಲ್ಲಿ ಕೆಲಸ ಮುಗಿದುಹೋಗಿದೆ. ಬೆನ್ನು ಬಾಗಿದ್ದ ಹೊತ್ತೆಲ್ಲ ಚೌಕಟ್ಟಿನ ಹೊರಗೆ ಉಳಿದಿದೆ. ನೋಡುವವರಿಗೆ ಮುಜುಗರವಿಲ್ಲ. ನಾವು ಮಿಲೆಯನ್ನು ಆರಿಸಿದ್ದು ಅವನ ಚಿತ್ರದಲ್ಲಿ ಕೆಲಸ ಇನ್ನೂ ನಡೆಯುತ್ತಿದೆ ಎಂಬ ಕಾರಣಕ್ಕೆ. ಘನತೆ ಬೆನ್ನಿನ ನೇರದಲ್ಲಿ ಇಲ್ಲ. ಕಲಾವಿದ ಆ ಕೆಲಸವನ್ನು ಎಷ್ಟು ಸರಿಯಾಗಿ ತಿಳಿದುಕೊಂಡಿದ್ದಾನೆ, ಅದರ ಭಾರವನ್ನು ಎಷ್ಟು ಮರೆಮಾಚದೆ ತೋರಿಸಿದ್ದಾನೆ ಎನ್ನುವುದರಲ್ಲಿದೆ. ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ. ಉಳಿದದ್ದೆಲ್ಲ ಅದನ್ನು ಪರೀಕ್ಷಿಸುವ ಬಗೆ.

ಆಯ್ದು ಬದುಕಿದವರೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಹೆಚ್ಚಾದದ್ದನ್ನು ಹಿಂದಿರುಗಿಸಿ ಬನ್ನಿ ಎಂದು ಕಳಿಸಿದ ಪ್ರಸಂಗ ನಿಮ್ಮ ಮಕ್ಕಳಿಗೂ ಗೊತ್ತಿರುತ್ತದೆ. ಇಲ್ಲಿ ಅಳತೆ ನಿರ್ಧರಿಸುವವಳು ಆಯ್ದವಳೇ, ಕುದುರೆ ಮೇಲಿನ ಮೇಲ್ವಿಚಾರಕನಲ್ಲ. ಈ ಪ್ರಸಂಗವನ್ನು ಬರೆಯಿಸುವುದಾದರೆ ತಲೆಯ ಹಿಂದೆ ಪ್ರಭಾವಳಿ ಬೇಡ. ಒಂದು ಮೊರ, ಅದರಲ್ಲಿ ಎರಡು ಪಾಲಾದ ಅಕ್ಕಿ, ಹೆಚ್ಚಿನ ಪಾಲನ್ನು ಅತ್ತ ಸರಿಸುವ ಕೈ. ಅಷ್ಟರಲ್ಲೇ ಲಕ್ಕಮ್ಮ ಇದ್ದಾಳೆ.

ಈಗ ಅಡುಗೆಮನೆಗೆ ಬರೋಣ. ಡಚ್ ಕಲಾವಿದ ವರ್ಮೀರ್ 1650ರ ದಶಕದ ಕೊನೆಯ ಹೊತ್ತಿಗೆ ಬರೆದ ‘ಹಾಲು ಸುರಿಯುವವಳು’ ತೀರ ಚಿಕ್ಕ ಚಿತ್ರ, 45.5 ಸೆಂ.ಮೀ. ಎತ್ತರ, 41 ಸೆಂ.ಮೀ. ಅಗಲ. ಮನೆಗೆಲಸದವಳೊಬ್ಬಳು ಮಣ್ಣಿನ ಹೂಜಿಯಿಂದ ಪಾತ್ರೆಗೆ ಹಾಲು ಸುರಿಯುತ್ತಿದ್ದಾಳೆ. ಒಂದು ಕೈ ಹಿಡಿಯಲ್ಲಿ, ಇನ್ನೊಂದು ತಳದಲ್ಲಿ. ತುಂಬಿದ ಹೂಜಿಯಿಂದ ಎಳೆಯಾಗಿ ಸುರಿಯಬೇಕೆಂದರೆ ಹೀಗೆ ಹಿಡಿಯದೆ ಬೇರೆ ದಾರಿಯಿಲ್ಲ. ಮೇಜಿನ ಮೇಲೆ ಮುರಿದ ಬ್ರೆಡ್ಡಿನ ತುಂಡುಗಳಿವೆ. ಒಣಗಿದ ಬ್ರೆಡ್ಡನ್ನು ಎಸೆಯದೆ ಹಾಲಿನಲ್ಲಿ ಬೇಯಿಸುವ ತಯಾರಿಯಿದು ಎಂದು ಬಲ್ಲವರು ಓದುತ್ತಾರೆ. ಮಡಚಿದ ತೋಳಿನ ಕೆಳಗೆ ಮುಂಗೈ ಬಿಸಿಲಿಗೆ, ನೀರಿಗೆ ಕೆಂಪಾಗಿದೆ, ಅದರ ಮೇಲಿನ ಭಾಗ ಬೆಳ್ಳಗಿದೆ. ಈ ಬಣ್ಣದ ಗೆರೆಯನ್ನು ಕಂಡ ಕಲಾವಿದ ಅವಳ ದಿನವನ್ನೂ ಕಂಡಿದ್ದಾನೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ ಮ್ಯೂಸಿಯಂನವರು 2022ರಲ್ಲಿ ಚಿತ್ರದ ಒಳಪದರಗಳನ್ನು ಪರೀಕ್ಷಿಸಿದಾಗ, ಅವಳ ತಲೆಯ ಹಿಂದೆ ಹೂಜಿಗಳನ್ನು ನೇತುಹಾಕುವ ಹಲಗೆ, ಕೆಳಗೆ ಬೆಂಕಿಯ ಬುಟ್ಟಿ ಮೊದಲು ಇದ್ದದ್ದು ತಿಳಿಯಿತು. ವರ್ಮೀರ್ ಎರಡನ್ನೂ ಬಣ್ಣ ಬಳಿದು ಮುಚ್ಚಿದ್ದ. ಗೋಡೆ ಖಾಲಿಯಾಯಿತು, ಮೊಳೆ ಮತ್ತು ಮೊಳೆಯ ತೂತು ಉಳಿದವು, ಕಣ್ಣು ನೇರ ಹಾಲಿನ ಎಳೆಗೆ ಹೋಗುತ್ತದೆ. ಮಕ್ಕಳಿಗೆ ಇದನ್ನು ಹೇಳಿ: ಕೆಲಸದ ಸುತ್ತ ಏನೇನು ತುಂಬುವುದು ಎನ್ನುವುದಕ್ಕಿಂತ ಏನು ತೆಗೆಯುವುದು ಎನ್ನುವುದು ಕಷ್ಟದ ತೀರ್ಮಾನ.

ಎಲ್ಲ ಕೆಲಸವೂ ಇಷ್ಟು ಶಾಂತವಲ್ಲ. ಫ್ರೆಂಚ್ ಕಲಾವಿದ ದೆಗಾ ದಶಕಗಳ ಕಾಲ ಇಸ್ತ್ರಿ ಮಾಡುವ ಹೆಂಗಸರನ್ನು ಬರೆದ. 1884–86ರ ಸುಮಾರಿನ ಒಂದು ಚಿತ್ರದಲ್ಲಿ ಇಬ್ಬರಿದ್ದಾರೆ. ಒಬ್ಬಳು ಎರಡೂ ಕೈಯಲ್ಲಿ ಇಸ್ತ್ರಿ ಹಿಡಿದು, ತೋಳು ನೀಟಿ, ತಲೆ ತಗ್ಗಿಸಿ, ಮೈಭಾರವನ್ನೆಲ್ಲ ಬಟ್ಟೆಯ ಮೇಲೆ ಬಿಟ್ಟಿದ್ದಾಳೆ. ಇನ್ನೊಬ್ಬಳು ಬಾಯಿ ತೆರೆದು ಆಕಳಿಸುತ್ತಿದ್ದಾಳೆ, ಕೈಯಲ್ಲಿ ಬಾಟಲಿ. ಇಸ್ತ್ರಿ ಕಾಯಿಸಲು ಒಳಗೆ ಒಲೆ ಉರಿಯುತ್ತಲೇ ಇರಬೇಕಿದ್ದ ಕೆಲಸವದು, ಬೇಸಿಗೆಯಲ್ಲೂ. ಆಕಳಿಕೆಯನ್ನು ಕೆಲವರು ಅವಮಾನವೆಂದು ಓದಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ದಣಿವನ್ನು ಬಿಟ್ಟು ದುಡಿಮೆಯನ್ನು ಮಾತ್ರ ತೋರಿಸಿದರೆ ದುಡಿಸಿಕೊಳ್ಳುವವರಿಗೆ ಖುಷಿಯಾದೀತು.

ನಮ್ಮ ದೇಶದ ಉದಾಹರಣೆಗೆ ದೂರ ಹೋಗಬೇಕಿಲ್ಲ. ಶಾಂತಿನಿಕೇತನದ ಶಿಲ್ಪಿ ರಾಮ್‌ಕಿಂಕರ್ ಬೈಜ್ ಇದ್ದಾರೆ. 1956ರ ‘ಮಿಲ್ ಕಾಲ್’ ಶಿಲ್ಪದಲ್ಲಿ ಸಂತಾಲ ಬುಡಕಟ್ಟಿನ ಹೆಂಗಸರಿಬ್ಬರು ಅಕ್ಕಿ ಗಿರಣಿಯ ಕೂಗು ಕೇಳಿ ಓಡುತ್ತಿದ್ದಾರೆ, ಜೊತೆಗೊಂದು ಮಗು. ಒಗೆದ ಬಟ್ಟೆ ಗಾಳಿಗೆ ಹಾರುತ್ತಿದೆ. ಅದನ್ನು ಒಣಗಿಸಲು ಬೇರೆ ಹೊತ್ತಿಲ್ಲ, ಓಡುತ್ತಲೇ ಒಣಗಬೇಕು. ಮನೆಗೆಲಸ, ಮಗು, ಕೂಲಿ ಮೂರೂ ಒಂದೇ ಓಟದೊಳಗಿವೆ. ಕಂಚು, ಅಮೃತಶಿಲೆ ಬಿಟ್ಟು ಅಲ್ಲಿಯ ಕೆಂಪು ಮುರಕಲ್ಲಿನ ಹರಳನ್ನೇ ಸಿಮೆಂಟಿಗೆ ಕಲಸಿ ಬೈಜ್ ಇದನ್ನು ಕಟ್ಟಿದರು. ಮೈ ಒರಟಾಗಿದೆ, ನುಣುಪು ಮಾಡಿಲ್ಲ. ಇದಕ್ಕಿಂತ ಮೊದಲಿನ, 1938ರ ‘ಸಂತಾಲ ಕುಟುಂಬ’ದಲ್ಲೂ ಅಷ್ಟೇ: ಸಾಮಾನು, ಮಕ್ಕಳು, ನಾಯಿ ಸಮೇತ ಕೆಲಸ ಹುಡುಕಿ ಹೊರಟವರು. ನೋಡಿ ಕನಿಕರಪಡಿ ಎಂದು ಅವರು ಕೇಳುತ್ತಿಲ್ಲ. ಅವರ ಗಮನ ಹೋಗುವ ದಾರಿಯ ಮೇಲಿದೆ.

ಇನ್ನು ನಿಮ್ಮ ಮಕ್ಕಳು ಬರೆಯುವ ಕೊಡದ ಹೆಂಗಸು. ಅವಳು ಬಂದದ್ದು ಕ್ಯಾಲೆಂಡರಿನಿಂದ, ರೆಸಾರ್ಟಿನ ಗೋಡೆಯಿಂದ, ಬಸ್‌ ನಿಲ್ದಾಣದ ಭಿತ್ತಿಚಿತ್ರದಿಂದ. ಮಕ್ಕಳನ್ನು ದೂರಬೇಡಿ, ಲೆಕ್ಕ ಮಾಡಿಸಿ. 12 ಲೀಟರಿನ ಕೊಡದಲ್ಲಿ ನೀರಿನ ತೂಕವೇ 12 ಕೆ.ಜಿ., ಮೇಲೆ ಕೊಡದ ತೂಕ. ಅಷ್ಟನ್ನು ಎಡಸೊಂಟಕ್ಕೆ ಇಟ್ಟುಕೊಂಡರೆ ಮೈ ಬಲಕ್ಕೆ ವಾಲುತ್ತದೆ, ಎಡಸೊಂಟ ಹೊರಚಾಚುತ್ತದೆ, ಎಡಗೈ ಕೊಡದ ಕಂಠವನ್ನು ತಬ್ಬುತ್ತದೆ, ಬಲಗೈ ತೂಕ ಸರಿದೂಗಿಸಲು ದೂರ ಸರಿಯುತ್ತದೆ. ಗೋಡೆಯ ಹೆಂಗಸು ಕೊಡವನ್ನು ಬೆರಳ ತುದಿಯಲ್ಲಿ ಮುಟ್ಟಿ ನೆಟ್ಟಗೆ ನಿಂತಿರುತ್ತಾಳೆ. ಹಾಗಿದ್ದರೆ ಕೊಡ ಖಾಲಿ. ತಲೆ ಮೇಲೆ ಹೊತ್ತರೆ ಕೆಳಗೆ ಸಿಂಬೆ ಇರಲೇಬೇಕು, ಕತ್ತು ನೇರ, ನೋಟ ಮುಂದಕ್ಕೆ, ಹೆಜ್ಜೆ ಚಿಕ್ಕದು. ತುಂಬಿದ ಕೊಡ ಹೊತ್ತವಳು ಮುಖ ಹೊರಳಿಸಿ ನಮ್ಮತ್ತ ನಗಲಾರಳು.

ನಾಟಿಯ ಚಿತ್ರದಲ್ಲಿ ಇನ್ನೂ ದೊಡ್ಡ ತಪ್ಪಾಗುತ್ತದೆ. ನಾಟಿ ಹಾಕುವವರು ಹಿಂದಕ್ಕೆ ಸರಿಯುತ್ತಾ ಹೋಗುತ್ತಾರೆ. ನೆಟ್ಟ ಪೈರು ಅವರ ಮುಂದೆ, ಬರಿ ಕೆಸರು ಹಿಂದೆ. ಬಹಳಷ್ಟು ಭಿತ್ತಿಚಿತ್ರಗಳಲ್ಲಿ ಹೆಂಗಸರು ನೆಟ್ಟ ಪೈರನ್ನು ತುಳಿದುಕೊಂಡು ಮುಂದೆ ಬರುತ್ತಿರುತ್ತಾರೆ. ಎಡಗೈಯಲ್ಲಿ ಸಸಿಯ ಹಿಡಿ, ಎಡಮುಂಗೈ ಆಗಾಗ ತೊಡೆಗೆ ಊರಿಕೊಂಡಿರುತ್ತದೆ. ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳು ಎರಡು ಮೂರು ಸಸಿಯನ್ನು ಬೇರ್ಪಡಿಸಿ ಕೆಸರಿಗೆ ಎರಡು ಮೂರು ಸೆಂ.ಮೀ. ಒತ್ತುತ್ತವೆ. ಹೆಚ್ಚು ಆಳಕ್ಕೆ ಹೋದರೆ ತೆಂಡೆ (ಬುಡದಿಂದ ಬರುವ ಹೊಸ ಕವಲು) ಒಡೆಯುವುದು ತಡವಾಗುತ್ತದೆ, ಮೇಲೇ ಉಳಿದರೆ ನೀರಿಗೆ ತೇಲಿಬರುತ್ತದೆ. ಇಷ್ಟು ಸೂಕ್ಷ್ಮದ ಕೈಗೆಲಸವನ್ನು ಬೆನ್ನು ನೆಲಕ್ಕೆ ಸಮನಾಗಿ ಬಾಗಿರುವಾಗಲೇ ಮಾಡಬೇಕು. ಸೀರೆ ಮೊಣಕಾಲಿಗೆ ಏರಿರುತ್ತದೆ, ಸೆರಗು ಸೊಂಟಕ್ಕೆ ಸಿಕ್ಕಿಸಿರುತ್ತದೆ. ಗಾಳಿಗೆ ಹಾರುವ ಸೆರಗು ಕಂಡರೆ ಆ ಕಲಾವಿದ ಗದ್ದೆಯ ಬದುವಿನ ಮೇಲೂ ನಿಂತಿಲ್ಲವೆಂದು ತಿಳಿಯಿರಿ.

ಗಾಳಿಯ ಮಾತು ಬಂತಲ್ಲ, ಕಣದಲ್ಲಿ ತೂರುವ ಚಿತ್ರಕ್ಕೆ ಒಂದು ಸುಲಭ ಪರೀಕ್ಷೆಯಿದೆ. ಮೊರ ಎತ್ತಿ ತೂರುವವಳ ಕಾಲ ಬಳಿ ಕಾಳು ನೇರ ಬೀಳುತ್ತದೆ, ಹೊಟ್ಟು ಗಾಳಿ ಹೋದತ್ತ ಹೋಗುತ್ತದೆ. ಅವಳ ಸೆರಗು, ಮುಂಗೂದಲು ಹಾರುವ ದಿಕ್ಕೂ ಹೊಟ್ಟು ಹಾರುವ ದಿಕ್ಕೂ ಒಂದೇ ಇರಬೇಕು. ಗಾಳಿಗೆ ಮುಖವೊಡ್ಡಿ ತೂರಿದರೆ ಹೊಟ್ಟೆಲ್ಲ ಕಣ್ಣಿಗೆ ಬರುತ್ತದೆ. ಆದ್ದರಿಂದ ಗಾಳಿ ಬೆನ್ನಿಗೋ ಪಕ್ಕಕ್ಕೋ ಇರುವಂತೆ ನಿಲ್ಲುತ್ತಾರೆ.

ತರಗತಿಗೆ ನಾವು ಸೂಚಿಸುವ ಕ್ರಮ ಹೀಗಿದೆ. ‘ಮಹಿಳೆಯನ್ನು ಬರೆಯಿರಿ’ ಎನ್ನಬೇಡಿ. ಪ್ರತಿ ವಿದ್ಯಾರ್ಥಿಗೂ ಒಂದು ಕೆಲಸ ಆರಿಸಿಕೊಳ್ಳಲು ಹೇಳಿ: ರೊಟ್ಟಿ ತಟ್ಟುವುದು, ಹಾಲು ಕರೆಯುವುದು, ಬೀದಿ ಗುಡಿಸುವುದು, ಹೂ ಕಟ್ಟುವುದು. ಆ ಕೆಲಸ ಮಾಡುವವರ ಒಪ್ಪಿಗೆ ಕೇಳಿ, ಅರ್ಧ ಗಂಟೆ ಪೆನ್ಸಿಲ್ ಮುಟ್ಟದೆ ನೋಡಲಿ. ಆಮೇಲೆ ಇದ್ದಿಲಿನಲ್ಲಿ ಒಂದೊಂದು ನಿಮಿಷದ ಹತ್ತು ಗೀಚುಚಿತ್ರ, ಅಗ್ಗದ ನ್ಯೂಸ್‌ಪ್ರಿಂಟ್ ಹಾಳೆ ಸಾಕು. ಮುಖ ಬೇಡ, ಮಡಿಕೆ ಬೇಡ. ತಲೆ, ಬೆನ್ನುಹುರಿ, ಸೊಂಟ, ಕಾಲುಗಳ ಗೆರೆ ಮಾತ್ರ. ಮೊದಲ ಮೂರು ನಾಲ್ಕು ಬಿಗಿಯಾಗಿ ಬರುತ್ತವೆ, ಎಸೆಯದೆ ಇಟ್ಟುಕೊಳ್ಳಲಿ. ಐದಾರನೆಯದರ ಹೊತ್ತಿಗೆ ಕೈ ಕೆಲಸದ ಲಯಕ್ಕೆ ಹೊಂದಿಕೊಳ್ಳುತ್ತದೆ.

ಉಪಕರಣವನ್ನು ಬೇರೆ ಹಾಳೆಯಲ್ಲಿ ಬರೆಯಿಸಿ, ಸಾಧ್ಯವಾದರೆ ನಿಜದ ಅಳತೆಗೆ. ಕುಡುಗೋಲಿನ ಹಿಡಿ ಎಲ್ಲಿ ಸವೆದಿದೆ, ಪೊರಕೆಯ ಯಾವ ಮಗ್ಗುಲು ಮೊಂಡಾಗಿದೆ, ಬೀಸುವ ಕಲ್ಲಿನ ಗೂಟ ಎಷ್ಟು ನುಣ್ಣಗಾಗಿದೆ ಎನ್ನುವುದು ಕೈ ಎಲ್ಲಿ ಎಷ್ಟು ಒತ್ತುತ್ತದೆ ಎಂದು ಹೇಳಿಬಿಡುತ್ತದೆ. ಮಕ್ಕಳ ಚಿತ್ರದಲ್ಲಿ ಕೈಗಳು ಯಾವಾಗಲೂ ಚಿಕ್ಕದಾಗುತ್ತವೆ. ಗದ್ದದಿಂದ ಕೂದಲ ಗೆರೆಯವರೆಗಿನ ಮುಖದ ಉದ್ದ ಎಷ್ಟೋ ಅಂಗೈಯ ಬುಡದಿಂದ ನಡುಬೆರಳ ತುದಿಯವರೆಗೆ ಹೆಚ್ಚುಕಡಿಮೆ ಅಷ್ಟೇ ಉದ್ದ. ತಮ್ಮ ಕೈಯನ್ನೇ ಮುಖಕ್ಕಿಟ್ಟು ನೋಡಲಿ. ಭಾರ ಪರೀಕ್ಷಿಸಲು ಗಂಟಲ ಗುಳಿಯಿಂದ ನೇರ ಕೆಳಕ್ಕೊಂದು ಗೆರೆ ಎಳೆಸಿ. ಭಾರವಿಲ್ಲದೆ ಒಂದೇ ಕಾಲಿನ ಮೇಲೆ ನಿಂತವರಲ್ಲಿ ಅದು ಆ ಪಾದದ ಹತ್ತಿರ ಬೀಳುತ್ತದೆ. ಭಾರ ಹೊತ್ತವರಲ್ಲಿ ಗೆರೆ ಭಾರದ ಎದುರು ದಿಕ್ಕಿಗೆ ಸರಿಯಬೇಕು. ಸರಿಯದಿದ್ದರೆ ಚಿತ್ರದ ವ್ಯಕ್ತಿ ಬಿದ್ದುಹೋಗುತ್ತಾಳೆ, ಇಲ್ಲವೇ ಬುಟ್ಟಿ ಖಾಲಿ ಎನಿಸುತ್ತದೆ. ಮೈಬಣ್ಣಕ್ಕೆ ಬಾಟಲಿಯ ‘ಚರ್ಮದ ಬಣ್ಣ’ ಬಳಸದೆ ಕಾವಿ, ಕಂದು, ಚೂರು ನೀಲಿ ಬೆರೆಸಲಿ. ಮುಂಗೈಗೂ ತೋಳಿಗೂ ಒಂದೇ ಬಣ್ಣ ಬೇಡ.

ಕೊನೆಗೆ ಚಿತ್ರವನ್ನು ಆ ಕೆಲಸದವರಿಗೇ ತೋರಿಸಿ, ಎಲ್ಲಿ ತಪ್ಪಿದೆ ಎಂದು ಕೇಳಲಿ. ‘ಚೆನ್ನಾಗಿದೆಯಾ’ ಎಂದು ಕೇಳಿದರೆ ‘ಚೆನ್ನಾಗಿದೆ ಮಗಾ’ ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ.

ಹಳ್ಳಿಯ ಕೆಲಸಗಳಿಗೇ ನಿಲ್ಲಬೇಡಿ. ಚಿತ್ರಕ್ಕೆ ಬಾರದ ಕೆಲಸಗಳು ಬಹಳಿವೆ, ಇದು ನಮಗೆ ನಿಜಕ್ಕೂ ನೋವಿನ ವಿಷಯ. ದಕ್ಷಿಣ ಕನ್ನಡದ ಮನೆ ಜಗಲಿಗಳಲ್ಲಿ ಬೀಡಿ ಕಟ್ಟುವವರು ಕುಳಿತೇ ದುಡಿಯುತ್ತಾರೆ: ನೆನೆಸಿದ ಎಲೆ, ಅಚ್ಚಿಟ್ಟು ಕತ್ತರಿಸುವ ಕತ್ತರಿ, ಮಡಿಲಲ್ಲಿ ಹೊಗೆಸೊಪ್ಪಿನ ಮೊರ, ಸುತ್ತಿ ತುದಿ ಮಡಚಿ ನೂಲು ಕಟ್ಟುವ ಬೆರಳು, 25ರ ಕಟ್ಟು, ಸಾವಿರದ ಲೆಕ್ಕದಲ್ಲಿ ಮಜೂರಿ, ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಆರಿಸಿ ತಳ್ಳಿಹಾಕಿದವಕ್ಕೆ ಕಾಸಿಲ್ಲ. ಚಿತ್ರದಲ್ಲಿ ಇಲ್ಲಿ ನೋಡಬೇಕಾದ್ದು ಕತ್ತು, ಬೆರಳು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯದು ಬೇರೆಯೇ ಸಮಸ್ಯೆ. ಒಬ್ಬಳು, ಒಂದು ಮಷಿನ್ ಬರೆದರೆ ಮನೆಯಲ್ಲಿ ಬಟ್ಟೆ ಹೊಲಿಯುವವಳಂತೆ ಕಾಣುತ್ತದೆ. ಅಲ್ಲಿ ಒಬ್ಬಳು ಕಾಲರ್, ಇನ್ನೊಬ್ಬಳು ಕಫ್, ಮತ್ತೊಬ್ಬಳು ಗುಂಡಿ, ಗಂಟೆಗಿಷ್ಟೆಂದು ಟಾರ್ಗೆಟ್. ಆದ್ದರಿಂದ ಬರೆಯಬೇಕಾದದ್ದು ಸಾಲು: ಒಬ್ಬರ ಬೆನ್ನಿಗೆ ಒಬ್ಬರು, ತಲೆ ಮೇಲೆ ಟ್ಯೂಬ್‌ಲೈಟಿನ ಉದ್ದ ಗೆರೆ, ಪಕ್ಕದಲ್ಲಿ ಮುಗಿಯದ ಬಂಡಲ್. ಮಕ್ಕಳ ಅಮ್ಮಂದಿರೋ ಅಕ್ಕಂದಿರೋ ಅಲ್ಲಿ ದುಡಿಯುತ್ತಿದ್ದರೆ ಅವರು ಹೇಳಿದ್ದನ್ನು ಕೇಳಿಕೊಂಡೇ ಬರೆಯಬಹುದು.

ಪ್ರದರ್ಶನ ಮಾಡುವ ಮುನ್ನ ಒಪ್ಪಿಗೆಯ ವಿಷಯದಲ್ಲಿ ಎಚ್ಚರವಿರಲಿ. ‘ವಲಸೆ ತಾಯಿ’ ಎಂದು ಪ್ರಸಿದ್ಧವಾದ ಫೋಟೊವನ್ನು ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ತೆಗೆದರು. ಹೆಸರು ಕೇಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಂಗಸಿನ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ. ಫೋಟೊ ಜಗತ್ತೆಲ್ಲ ಸುತ್ತಿತು, ತನಗೆ ಅದರಿಂದ ಏನೂ ಸಿಗಲಿಲ್ಲ ಎಂದು ಆಕೆ ನೊಂದು ಹೇಳಿದರು. ಆ ಚಿತ್ರದಿಂದ ಸರ್ಕಾರ ಎಚ್ಚೆತ್ತಿತು, ಬಿಡಾರಕ್ಕೆ ಆಹಾರ ಬಂತು, ನಿಜ. ಆದರೂ ಚಿತ್ರದಲ್ಲಿದ್ದವರ ಮಾತಿಗೆ ಅದು ಉತ್ತರವಾಗುವುದಿಲ್ಲ.

ಹೀಗಾಗಿ ಪ್ರತಿ ಚಿತ್ರದ ಕೆಳಗೆ ಅಂಗೈಯಗಲದ ಚೀಟಿ ಅಂಟಿಸಿ. ಕೆಲಸದ ಹೆಸರು, ದಿನಕ್ಕೆ ಎಷ್ಟು ಗಂಟೆ, ಕೂಲಿ ದಿನದ ಲೆಕ್ಕವೋ ತುಂಡಿನ ಲೆಕ್ಕವೋ, ಮೈಯಲ್ಲಿ ಎಲ್ಲಿ ನೋಯುತ್ತದೆ ಎಂಬುದನ್ನು ಅವರ ಮಾತಿನಲ್ಲೇ ಬರೆಯಿಸಿ. ಸ್ವಂತ ಹೆಸರು ಹಾಕುವುದೋ ಬಿಡುವುದೋ ಅವರ ಇಷ್ಟ. ಮನೆಗೆಲಸವಾದರೆ ಕೂಲಿಯ ಜಾಗವನ್ನು ಖಾಲಿ ಬಿಡದೆ ‘ಕೂಲಿ ಇಲ್ಲ’ ಎಂದೇ ಬರೆಯಲಿ. ಪ್ರದರ್ಶನವನ್ನು ಭಾನುವಾರವೋ ಸಂಜೆ ಆರರ ಮೇಲೋ ಇಟ್ಟರೆ ಚಿತ್ರದಲ್ಲಿರುವವರೂ ಬಂದು ನೋಡಬಹುದು. ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಅವರು ಒಂದು ದಿನದ ಕೂಲಿ ಕಳೆದುಕೊಳ್ಳಬೇಕಾಗುತ್ತದೆ. ಪ್ರದರ್ಶನ ಮುಗಿದ ಮೇಲೆ ಮೂಲಚಿತ್ರ ಅಥವಾ ಅದರ ಒಳ್ಳೆಯ ಪ್ರತಿಯೊಂದು ಅವರ ಮನೆ ಸೇರಲಿ. ಹತ್ತು ಹನ್ನೆರಡು ಚಿತ್ರಗಳನ್ನು ಚೀಟಿಯ ಸಮೇತ ನಮಗೂ ಕಳಿಸಿ, ಎರಡು ಪುಟ ಮೀಸಲಿಡುತ್ತೇವೆ. ಅಚ್ಚು ಮಾಡಲು ಒಪ್ಪದವರ ಚಿತ್ರವನ್ನು, ಅದು ಎಷ್ಟೇ ಚೆನ್ನಾಗಿದ್ದರೂ, ಕಳಿಸುವುದು ಬೇಡ.

— ಸಂಪಾದಕರು